ಹತ್ತಿ ಗೋಡೌನ್‌ನಲ್ಲಿ ಎರಡು ದಿನದ ಆರ್ಟ್ ಪ್ರೋಗ್ರಾಂ: 350 ರೂಪಾಯಿಗೆ ಮೋಸ ಇಲ್ಲ, ಆದ್ರೆ ಒಂದು ಬ್ಯಾನರ್ ವಿಷಯ ಹೇಳ್ಲೇಬೇಕು

ಮೊದ್ಲೇ ಹೇಳ್ಬಿಡ್ತೀನಿ, ನಾನು ಆರ್ಟ್ ಗೊತ್ತಿರೋ ಮನುಷ್ಯ ಅಲ್ಲ. ದಾವಣಗೆರೆಲಿ ಹಾರ್ಡ್‌ವೇರ್ ಅಂಗಡಿ ಐತೆ, ಸಿಮೆಂಟು, ಕಂಬಿ, ಬೈಂಡಿಂಗ್ ವೈರ್ ಅಂದ್ರೆ ಮಾತಾಡ್ತೀನಿ ಅಷ್ಟೇ. ತಂಗಿ ಮಗಳು ದೃಶ್ಯಕಲಾ ಕಾಲೇಜಲ್ಲಿ ಓದ್ತಾಳೆ, ಅವ್ಳೇ "ಮಾಮಾ ಬಾ, ಇದ್ರಲ್ಲಿ ಬಿಲ್ಡಿಂಗ್ ಬಗ್ಗೆನೂ ಐತೆ, ನಿಂಗೆ ಬೋರ್ ಆಗಲ್ಲ" ಅಂತ ಎಳ್ಕೊಂಡು ಹೋದ್ಲು. ಎರಡು ದಿನಕ್ಕೆ ಸೇರಿ ಟಿಕೆಟ್ 350, ಸ್ಟೂಡೆಂಟ್ಸ್‌ಗೆ ಅರ್ಧ. ಮಾಡಿದೋರ ಹೆಸರು ಬೇಡ ಬಿಡಿ, ಹುಡುಗ್ರು ಕಷ್ಟಪಟ್ಟಿದಾರೆ.

ಜಾಗ ಮಾತ್ರ ಭರ್ಜರಿ. ಮಿಲ್ಲುಗಳು ನಡೀತಿದ್ದ ಕಾಲದ ಹಳೇ ಹತ್ತಿ ಗೋಡೌನು. ನಮ್ಮೂರನ್ನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರಲ್ಲ, ಆ ಕಾಲದ್ದು. ಹತ್ತೂವರೆಗೆ ಅಂತ ಹೇಳಿ ಹನ್ನೊಂದೂ ಕಾಲಿಗೆ ಶುರು ಮಾಡಿದ್ರು, ಅದು ಮಾಮೂಲಿ, ಆದ್ರೆ ಒಳಗೆ ಕೂತ ಐದೇ ನಿಮಿಷಕ್ಕೆ ಬೆನ್ನೆಲ್ಲ ಬೆವರು, ನಾಲ್ಕು ಪೆಡಸ್ಟಲ್ ಫ್ಯಾನ್ ಇಟ್ಟಿದ್ರು, ಅವುಗಳ ಸೌಂಡಿಗೆ ಮೈಕ್‌ನಲ್ಲಿ ಹೇಳೋದು ಅರ್ಧ ಕೇಳ್ತಿರ್ಲಿಲ್ಲ.

ಸ್ಲೈಡ್ ಶೋ ಚಂಡೀಗಢದಿಂದ ಶುರು ಆಯ್ತು. ಫ್ರಾನ್ಸಿನ ಆರ್ಕಿಟೆಕ್ಟ್ ಲೆ ಕಾರ್ಬುಸಿಯೆ 1951ರಲ್ಲಿ ಬಂದು ಆ ಊರಿನ ಪ್ಲ್ಯಾನ್ ಕೈಗೆತ್ಕೊಂಡಿದ್ದು, ಅಲ್ಲಿನ ವಿಧಾನಸಭೆ, ಹೈಕೋರ್ಟ್ ಎಲ್ಲ ಇರೋ ಕ್ಯಾಪಿಟಲ್ ಕಾಂಪ್ಲೆಕ್ಸ್ 2016ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಲಿಸ್ಟ್ ಸೇರಿದ್ದು ಎಲ್ಲ ಹೇಳಿದ್ರು. ಆ ಕಡೆ ಅದು ಏಳ್ತಿದ್ದ ಟೈಮಲ್ಲೇ ಈ ಕಡೆ ಬೆಂಗಳೂರಲ್ಲಿ ಕೆಂಗಲ್ ಹನುಮಂತಯ್ಯನೋರ ವಿಧಾನಸೌಧ ಏಳ್ತಿತ್ತು, 1956ಕ್ಕೆ ಮುಗೀತು. ಒಂದೇ ದೇಶ, ಒಂದೇ ಕಾಲ, ಒಂದ್ಕಡೆ ಗೋಪುರ ಕೆತ್ತನೆ, ಇನ್ನೊಂದ್ಕಡೆ ಬೋಳು ಕಾಂಕ್ರೀಟು! ಕಾಂಕ್ರೀಟ್ ಸುರಿಯೋಕೆ ಹೊಡೆಯೋ ಸೆಂಟ್ರಿಂಗ್ ಹಲಗೆ ಗುರುತು ಚಂಡೀಗಢದ ಗೋಡೆ ಮೇಲೆ ಹಂಗೇ ಕಾಣ್ತಿತ್ತು. ಹಿಂದಿನ ಸಾಲಲ್ಲಿ ನಮ್ಮ ಪರಿಚಯದ ಮೇಸ್ತ್ರಿ ಒಬ್ರು ಕೂತಿದ್ರು, "ಪ್ಲಾಸ್ಟರ್‌ಗೆ ದುಡ್ಡು ಸಾಲ್ಲಿಲ್ವೇನೋ ಅಣ್ಣಾ" ಅಂದ್ರು. ನಕ್ಕೆ, ಆದ್ರೆ ಹಲಗೆ ಗುರುತು ಅಷ್ಟು ನೀಟಾಗಿ ಬರ್ಬೇಕಂದ್ರೆ ಸೆಂಟ್ರಿಂಗ್ ಎಷ್ಟು ಚೆನ್ನಾಗಿ ಹೊಡ್ದಿರ್ಬೇಕು ಅಂತ ಅವ್ರೇ ಆಮೇಲೆ ಹೇಳಿದ್ರು.

ನಂಗೆ ತುಂಬಾ ಹಿಡಿಸಿದ್ದು ದೆಹಲಿ ಪ್ರಗತಿ ಮೈದಾನದ ಎಕ್ಸಿಬಿಷನ್ ಹಾಲು, ಹಾಲ್ ಆಫ್ ನೇಷನ್ಸ್ ಕಥೆ. 1972ರದ್ದು, ಆರ್ಕಿಟೆಕ್ಟ್ ರಾಜ್ ರೇವಾಲ್, ಎಂಜಿನಿಯರ್ ಮಹೇಂದ್ರ ರಾಜ್. ತ್ರಿಕೋನ ತ್ರಿಕೋನ ಜೋಡಿಸಿ ಕಟ್ಟೋ ಅಂಥ ಡಿಸೈನ್ ಸಾಮಾನ್ಯವಾಗಿ ಸ್ಟೀಲ್ ಪೈಪಲ್ಲಿ ಮಾಡೋದು, ನಮ್ಮಲ್ಲಿ ಆಗ ಅಷ್ಟು ಸ್ಟೀಲ್ ಎಲ್ಲಿತ್ತು, ಅದಕ್ಕೆ ಇಡೀ ಚೌಕಟ್ಟನ್ನ ಕಾಂಕ್ರೀಟಲ್ಲೇ ಮಾಡಿದ್ರಂತೆ, ಅದೂ ಜಾಗದಲ್ಲೇ ಕೈ ಕೆಲಸ. ಇಪ್ಪತ್ತು ವರ್ಷದಿಂದ ಕಂಬಿ ಮಾರ್ತಿರೋ ನಂಗೆ ಆ ಫೋಟೋ ನೋಡಿ ಮೈ ಜುಂ ಅಂತು. 2017ರಲ್ಲಿ ಅದನ್ನ ಕೆಡವಿ ಹಾಕಿದ್ರು ಅಂದಾಗ ಫ್ಯಾನ್ ಸೌಂಡ್ ಬಿಟ್ರೆ ಹಾಲಲ್ಲಿ ಏನೂ ಕೇಳ್ಲಿಲ್ಲ. ಆರ್ಕಿಟೆಕ್ಟ್ ಬಿ.ವಿ. ದೋಶಿಯೋರು ಮಾಡಿದ ಬೆಂಗಳೂರಿನ ಐಐಎಂ ಬಗ್ಗೆ ಮಾತ್ರ ಯಾಕೋ ಎರಡೇ ಸ್ಲೈಡು. ನಮ್ಮ ರಾಜ್ಯದ್ದು, ಕಲ್ಲಿನ ಗೋಡೆ, ಬಳ್ಳಿ ಹಬ್ಬಿದ ಓಪನ್ ಕಾರಿಡಾರು, 2018ರಲ್ಲಿ ಆರ್ಕಿಟೆಕ್ಟ್‌ಗಳಿಗೆ ಕೊಡೋ ದೊಡ್ಡ ಪ್ರೈಜ್ ಪ್ರಿಟ್ಸ್‌ಕರ್ ಬಂತು ಅವ್ರಿಗೆ, ಆ ಪ್ರೈಜ್ ಸಿಕ್ಕ ಮೊದಲ ಭಾರತೀಯ. ಇದನ್ನ ಓಡಿಸಿ ಸ್ಪಾನ್ಸರ್ ಭಾಷಣಕ್ಕೆ ಇಪ್ಪತ್ತು ನಿಮಿಷ ಕೊಟ್ರು, ಮಾರ್ಕ್ಸ್ ಕಟ್.

ಆರ್ಟ್ ಸೆಕ್ಷನ್ ಪರವಾಗಿಲ್ಲ. ಲೇಬಲ್ ಎಲ್ಲ ಇಂಗ್ಲಿಷಲ್ಲೇ ಇದ್ವು, ಅದೂ ಎಂಥ ಇಂಗ್ಲಿಷು ಅಂದ್ರೆ ಇಂಗ್ಲಿಷ್ ಲೆಕ್ಚರರ್ ಒಬ್ರು ನನ್ನ ಪಕ್ಕ ನಿಂತು ತಲೆ ಕೆರ್ಕೊಂಡ್ರು. ಕಾಲೇಜಿನ ಹುಡುಗ ಒಬ್ಬ ಮಂಡಕ್ಕಿ ಭಟ್ಟಿ ಮೇಲೆ ಮಾಡಿದ್ದ, ಕರೀ ಮಸಿ ಹಿಡಿದ ತಗಡು, ಅದರ ಮುಂದೆ ಬೆಳ್ಳಗೆ ಗುಡ್ಡೆ ಹಾಕಿದ ಮಂಡಕ್ಕಿ. ಒಂದು ಮಗು ಹೋಗಿ ಒಂದು ಹಿಡಿ ಬಾಯಿಗೆ ಹಾಕ್ಕೊಂತು, ವಾಲಂಟಿಯರ್ ಓಡಿ ಬಂದ, ಮಾಡಿದ ಹುಡುಗ "ತಿನ್ಲಿ ಬಿಡೋ" ಅಂದ. ನಂಗೆ ಅದೇ ಇಷ್ಟ ಆಯ್ತು. ಆಮೇಲೆ ಪಕ್ಕದ ಭದ್ರಾವತಿಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಅವ್ರ ಕೆಲಸದ ಫೋಟೋ ತೋರಿಸಿದ್ರು, ತಲೆಗೂದಲಿನ ಹಗ್ಗದಲ್ಲಿ ಕಾರಿನ ಬಂಪರ್‌ಗಳನ್ನ ನೇತು ಹಾಕಿರೋದು, 2009ರಲ್ಲಿ ಇಟಲಿಯ ದೊಡ್ಡ ಆರ್ಟ್ ಪ್ರದರ್ಶನ ವೆನಿಸ್ ಬಿಯೆನಾಲೆಗೆ ಹೋಗಿದ್ದು. ದೃಷ್ಟಿ ಆಗದಿರ್ಲಿ ಅಂತ ಗಾಡಿಗೆ ಕಟ್ತಾರಲ್ಲ ಕೂದಲ ಹಗ್ಗ, ಅದೇ. ಅದಕ್ಕೆ ಯಾರೂ ವಿವರಣೆ ಕೊಡೋದೇ ಬೇಕಾಗ್ಲಿಲ್ಲ, ಲಾರಿ ಓನರ್ ಒಬ್ರು ಎದ್ದು ನಿಂತು ಅದನ್ನ ಯಾವಾಗ ಕಟ್ತಾರೆ, ಯಾಕೆ ಕಟ್ತಾರೆ ಎಲ್ಲ ಹೇಳಿದ್ರು, ಆವತ್ತಿನ ಬೆಸ್ಟ್ ಲೆಕ್ಚರ್ ಅದೇ.

ಎರಡನೇ ದಿನ ಬೆಳಿಗ್ಗೆ ವಾಕ್. ಬೆಣ್ಣೆ ದೋಸೆ ತಿಂದು ಪಿಜೆ ಎಕ್ಸ್‌ಟೆನ್ಷನ್ ಕಡೆ ಹೊರಟ್ವಿ, ಒಂದು ಇಪ್ಪತ್ತೈದು ಜನ. ಹಳೇ ಆರ್‌ಸಿಸಿ ಮನೆಗಳ ಮುಂದೆ ನಿಲ್ಲಿಸಿ ತೋರಿಸಿದ್ರು: ಗೋಡೆಯಿಂದ ಮುಂದಕ್ಕೆ ಚಾಚಿದ ಸಜ್ಜಾ, ಮೆಟ್ಟಿಲ ಪಕ್ಕ ಮೇಲಿಂದ ಕೆಳಗಿನ ತನಕ ಸಿಮೆಂಟ್ ಜಾಲಿ, ಮೊಸಾಯಿಕ್ ನೆಲ, ಮೂಲೆಲಿ ಗುಂಡಗೆ ತಿರುಗಿದ ಬಾಲ್ಕನಿ. ಚಂಡೀಗಢದಲ್ಲಿ ಬಿಸಿಲು ತಡಿಯೋಕೆ ಕಿಟಕಿ ಮುಂದೆ ಕಾಂಕ್ರೀಟ್ ಗೂಡು ಕಟ್ಟಿದಾರಲ್ಲ, ಅದೇ ಲೆಕ್ಕ ಇಲ್ಲಿ ಜಾಲಿಲಿ, ಬಿಸಿಲು ಹೊರಗೆ, ಗಾಳಿ ಒಳಗೆ. ಇಷ್ಟು ವರ್ಷ ಅದೇ ರೋಡಲ್ಲಿ ಡೆಲಿವರಿ ಆಟೋ ಕಳಿಸ್ತೀನಿ, ಒಂದಿನ ತಲೆ ಎತ್ತಿ ನೋಡಿಲ್ಲ. ಒಂದು ಮನೆ ಅಜ್ಜಿ ಗೇಟ್ ತೆಗೆದು ಎಲ್ಲರನ್ನೂ ಒಳಗೆ ಕರೆದ್ರು, ಫ್ಯಾನ್ ಹಾಕಿರ್ಲಿಲ್ಲ, ತಣ್ಣಗಿತ್ತು. ಈ ವಾಕ್ ಒಂದಕ್ಕೇ 350 ಕೊಡ್ಬಹುದು.

ವಾಪಸ್ ಗೋಡೌನ್‌ಗೆ ಬಂದಾಗ ನೋಡ್ತೀನಿ, ಎರಡೂ ಕಡೆ ಗೋಡೆ ಮೇಲ್ಗಡೆ ಸಾಲಾಗಿ ಜಾಲಿ ವೆಂಟಿಲೇಟರ್ ಐತೆ, ಹತ್ತಿ ಒಣಗಿರ್ಲಿ ಅಂತ ಇಟ್ಟಿರೋದು. ಅದರ ಮೇಲೆ ಉದ್ದಕ್ಕೂ ಇವ್ರದೇ ಫ್ಲೆಕ್ಸ್! ಇಪ್ಪತ್ತಡಿ ಬ್ಯಾನರು, ಸ್ಪಾನ್ಸರ್ ಫೋಟೋ ಸಮೇತ. ಗಾಳಿ ಬಗ್ಗೆ ಎರಡು ದಿನ ಪಾಠ ಮಾಡಿ ಗಾಳಿ ಬರೋ ಜಾಗಕ್ಕೇ ಪ್ಲಾಸ್ಟಿಕ್ ಹೊಡ್ದಿದಾರೆ. ಹೋಗಿ ಹೇಳಿದೆ. ಒಬ್ಬ ಹುಡುಗ ನಾಚ್ಕೊಂಡು ಏಣಿ ತಂದು ಒಂದು ಕಡೆದು ಬಿಚ್ಚಿದ, ಹತ್ತು ನಿಮಿಷಕ್ಕೆ ಎರಡು ಫ್ಯಾನ್ ಆಫ್ ಮಾಡಿದ್ರು, ಮೈಕ್ ಕೇಳೋಕೆ ಶುರು ಆಯ್ತು. ಸ್ಪಾನ್ಸರ್ ಕಡೇದು ಮಾತ್ರ ಬಿಚ್ಚಲಿಲ್ಲ.

ಲೇಡೀಸ್‌ಗೆ ಟಾಯ್ಲೆಟ್ ಒಂದೇ ಇತ್ತು, ಅದೂ ಮಧ್ಯಾಹ್ನದ ತನಕ ನೀರಿಲ್ಲ. ಪಾರ್ಕಿಂಗ್ ರೋಡ್ ಮೇಲೇ. ಚಹಾ ಚೆನ್ನಾಗಿತ್ತು. 5ಕ್ಕೆ 3, ವಾಕ್‌ಗೆ ಮಾತ್ರ 5.

ಮಾರನೇ ದಿನ ಅಂಗಡಿಗೆ ಒಂದು ಹುಡುಗಿ ಬಂದ್ಲು, ವಾಕಲ್ಲಿ ನೋಡಿದ ಮುಖ. ಸಿಮೆಂಟ್ ಜಾಲಿ ಐತಾ ಅಂದ್ಲು. ಅದನ್ನ ಯಾರೂ ಕೇಳಲ್ಲ ಅಂತ ತರಿಸೋದು ಬಿಟ್ಟು ಎಷ್ಟೋ ವರ್ಷ ಆಯ್ತು, ಹಿಂದೆ ಹುಡುಕಿದ್ರೆ ಗೋಣಿಚೀಲದ ಕೆಳಗೆ ಹದಿನಾಲ್ಕು ಸಿಕ್ವು. ಪುಕ್ಕಟೆ ಕೊಡೋಣ ಅನ್ನಿಸ್ತು. ಆದ್ರೆ ಅಂಗಡಿ ಅಲ್ವಾ, ಒಂದಕ್ಕೆ 40 ತಗೊಂಡೆ.