ಹುವಾಧುವಿನಲ್ಲಿ ಫ್ಲೈ ಫಿಶಿಂಗ್: ಗೈಡ್‌ಗಳು ಉತ್ತಮ, ಬಾಡಿಗೆ ಸಲಕರಣೆ ಬೇಡ

ಭೂಮಧ್ಯರೇಖೆಗೆ ತುಸು ಉತ್ತರದಲ್ಲಿ, ಮಾಲ್ಡೀವ್ಸ್‌ನ ದಕ್ಷಿಣ ಭಾಗದಲ್ಲಿರುವ ಹುವಾಧು ಹವಳದ್ವೀಪಗಳ ಸುತ್ತ, ರಾತ್ರಿ ಹಡಗಿನಲ್ಲೇ ತಂಗಿಸಿ ಹಗಲು ಸಣ್ಣ ದೋಣಿಗಳಲ್ಲಿ ಆಳವಿಲ್ಲದ ಹವಳದ ದಿಬ್ಬಗಳಿಗೆ ಫ್ಲೈ ಫಿಶಿಂಗ್‌ಗೆ (ಗರಿ, ನೂಲು ಕಟ್ಟಿದ ಗಾಳವಾದ ‘ಫ್ಲೈ’ ಎಸೆದು ಮೀನು ಹಿಡಿಯುವುದು) ಕರೆದೊಯ್ಯುವ ಸೇವೆಯ ಬಗ್ಗೆ ಈ ವಿಮರ್ಶೆ. ಇಲ್ಲಿ ಎಲ್ಲರೂ ಬಯಸಿ ಬರುವುದು ಜೈಂಟ್ ಟ್ರೆವಲಿಯನ್ನು, 1.7 ಮೀಟರ್ ಉದ್ದ, 80 ಕಿಲೋ ತೂಕದವರೆಗೆ ಬೆಳೆಯಬಲ್ಲ ಮೀನು ಇದು.

ಕೊಟ್ಟ ಹಣಕ್ಕೆ ನ್ಯಾಯ ಒದಗಿಸುವವರು ಗೈಡ್‌ಗಳು. ಉಬ್ಬರದ ನೀರು ದಿಬ್ಬದ ಅಂಚನ್ನು ದಾಟಿ ಮೇಲೇರುವಾಗ ಅದರೊಂದಿಗೇ ಟ್ರೆವಲಿಗಳು ಬೇಟೆಗೆ ಬರುವುದರಿಂದ, ಊಟ ತಿಂಡಿಯ ಹೊತ್ತನ್ನೂ ಅವರು ಉಬ್ಬರವಿಳಿತ ನೋಡಿಯೇ ನಿಗದಿ ಮಾಡುತ್ತಾರೆ. ಫ್ಲೈ ಹವಳಕ್ಕೆ ತಾಗಿ ಬಂದಾಗಲೆಲ್ಲ ನಮ್ಮ ಗೈಡ್ ಲೀಡರನ್ನು (ಲೈನಿಗೂ ಫ್ಲೈಗೂ ನಡುವಿನ ದಾರ) ಎರಡು ಬೆರಳ ನಡುವೆ ಉದ್ದಕ್ಕೂ ಎಳೆದು ನೋಡುತ್ತಿದ್ದರು. ಉಗುರಿಗೆ ಸಿಗುವಷ್ಟು ತರಚಿದ್ದರೂ ಸಾಕು, ಕತ್ತರಿಸಿ ಹೊಸದಾಗಿ ಗಂಟು ಹಾಕುತ್ತಿದ್ದರು. ಗಾಳದ ಕೊಂಡಿಮುಳ್ಳನ್ನು ಇಕ್ಕಳದಿಂದ ಚಪ್ಪಟೆ ಮಾಡದೆ ಯಾರಿಗೂ ಎಸೆಯಲು ಬಿಡುವುದಿಲ್ಲ, ಹಿಡಿದ ಟ್ರೆವಲಿಯನ್ನು ನೀರಿನಲ್ಲೇ ಬಿಡಿಸಿ ಕಳಿಸುತ್ತಾರೆ.

ಬಾಡಿಗೆ ಸಲಕರಣೆಯ ಬಗ್ಗೆ ಇದೇ ಮಾತು ಹೇಳಲಾಗದು. ನನಗೆ ಕೊಟ್ಟ ರೀಲಿನ ಡ್ರ್ಯಾಗ್ (ಮೀನು ಲೈನ್ ಎಳೆದೊಯ್ಯುವುದನ್ನು ತಡೆಯುವ ಬ್ರೇಕ್) ಪೂರ್ತಿ ಬಿಗಿ ಮಾಡಿದರೂ ಜಾರುತ್ತಿತ್ತು. ಗಾಳಕ್ಕೆ ಬಿದ್ದ ಟ್ರೆವಲಿ ನೇರವಾಗಿ ಹವಳದಂಚಿನ ಆಳಕ್ಕೆ ನುಗ್ಗುತ್ತದೆ, ಅಲ್ಲಿಗೆ ತಲುಪಿತೆಂದರೆ ಲೈನ್ ಹರಿದಂತೆಯೇ. 2010ರಲ್ಲಿ ಶಾರ್ಕ್ ಬೇಟೆ ನಿಷೇಧಿಸಲಾದ ಈ ನೀರಿನಲ್ಲಿ ಅವುಗಳ ಕಾಟವೂ ಇದೆ. ಹೋರಾಟ ಎಳೆದಷ್ಟೂ ಸುಸ್ತಾದ ಮೀನು ಅವುಗಳ ಬಾಯಿಗೆ ಹೋಗುವ ಸಂಭವ ಹೆಚ್ಚು. ಆದ್ದರಿಂದ ಒಂಬತ್ತು ಅಡಿಯ 12 ವೆಯ್ಟ್ (ದೊಡ್ಡ ಮೀನಿಗೆ ತಕ್ಕ ಗಟ್ಟಿ ದರ್ಜೆಯ) ರಾಡ್, ಉಪ್ಪುನೀರಿಗೆಂದೇ ಮಾಡಿದ ರೀಲ್, ಕನಿಷ್ಠ 80 ಪೌಂಡ್ ಎಳೆತ ತಾಳುವ ಬ್ಯಾಕಿಂಗ್ (ಲೈನಿನ ಹಿಂದೆ ರೀಲಿಗೆ ಸುತ್ತುವ ಮೀಸಲು ದಾರ), 130 ಪೌಂಡಿನ ಲೀಡರ್, ಇಷ್ಟನ್ನು ನಿಮ್ಮದೇ ಒಯ್ಯಿರಿ.

ಕೋಣೆಗಳು ಇಕ್ಕಟ್ಟು, ಊಟಕ್ಕೆ ದಿನವೂ ಟ್ಯೂನಾ; ಸಸ್ಯಾಹಾರಿಗಳು ಮೊದಲೇ ಹೇಳಿಟ್ಟರೆ ಅನ್ನ, ಬೇಳೆಗೆ ಕೊರತೆಯಿಲ್ಲ.

ಗಾಳಿಗೆದುರಾಗಿ ಇಪ್ಪತ್ತು ಮೀಟರ್ ದೂರಕ್ಕೆ ಭಾರದ ಫ್ಲೈಯನ್ನು ಥಟ್ಟನೆ ಎಸೆಯಲು ಬಾರದವರಿಗೆ ಈ ಸೇವೆಯನ್ನು ನಾನು ಶಿಫಾರಸು ಮಾಡುವುದಿಲ್ಲ, ಏಕೆಂದರೆ ಹಡಗಿನಲ್ಲಿ ಅದನ್ನು ಕಲಿಸುವ ವ್ಯವಸ್ಥೆಯಿಲ್ಲ, ಮೀನಂತೂ ಎರಡನೆಯ ಎಸೆತಕ್ಕೆ ಕಾಯುವುದಿಲ್ಲ. ಅಂಥವರು ಅದೇ ಹಡಗಿನಲ್ಲಿ ಸ್ಪಿನ್ನಿಂಗ್ ರಾಡಿಗೆ ಪಾಪರ್ (ನೀರಿನ ಮೇಲೆ ಸದ್ದು ಮಾಡುತ್ತ ಮೀನನ್ನು ಸೆಳೆಯುವ ಕೃತಕ ಎರೆ) ಕಟ್ಟಿ ಹಿಡಿಯುವ ಏರ್ಪಾಡನ್ನು ಆರಿಸಿಕೊಳ್ಳಲಿ. ಅದರ ದರವೂ ಕಡಿಮೆ, ಮೀನು ಸಿಗುವ ಸಾಧ್ಯತೆಯೂ ಹೆಚ್ಚು.