ಯುನಿವರ್ಸಲ್ ಟ್ರಾವೆಲ್ ಅಡಾಪ್ಟರ್: ಫೋನಿಗೆ ಸೈ, ಆಫೀಸಿನ ಲ್ಯಾಪ್‌ಟಾಪಿಗೆ ಸಾಲದು

ಮನೆಯಲ್ಲೇ ಕೂತು ಮ್ಯೂನಿಕ್, ಲಂಡನ್, ನ್ಯೂಜೆರ್ಸಿಯ ತಂಡಗಳ ಜೊತೆ ಕೆಲಸ ಮಾಡುವವರು ಈಗ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದಲ್ಲೂ ಇದ್ದಾರೆ. ಒಂದು ವಾರ ಅಲ್ಲಿಗೆ ಬಂದು ಹೋಗಿ ಎಂಬ ಕರೆ ಬಂದಾಗ ವೀಸಾ, ಟಿಕೆಟ್ ಎಲ್ಲ ಮೊದಲೇ ಆಗುತ್ತದೆ. ಪ್ಲಗ್ಗಿನ ನೆನಪಾಗುವುದು ಬಜಪೆ ವಿಮಾನ ನಿಲ್ದಾಣಕ್ಕೆ ಕಾರು ಹತ್ತುವ ಹೊತ್ತಿಗೆ. ಆಗ ಕೈಗೆ ಸಿಗುವುದು ಹಳೆ ಬಸ್‌ಸ್ಟ್ಯಾಂಡಿನ ಕಡೆಯ ಮೊಬೈಲ್ ಅಂಗಡಿಯಲ್ಲಿ ತೂಗುಹಾಕಿದ ಆ ಚೌಕ ಡಬ್ಬ: ಗುಂಡಿ ಒತ್ತಿ ಜಾರಿಸಿದರೆ ಒಂದು ಕಡೆ ಇಂಗ್ಲೆಂಡಿನ ಪಿನ್, ಇನ್ನೊಂದು ಕಡೆ ಅಮೆರಿಕದ್ದು, ಮತ್ತೊಂದು ಕಡೆ ಯುರೋಪಿನದ್ದು. ಫೋನ್ ಚಾರ್ಜ್ ಮಾಡಲು ಇದು ಧಾರಾಳ ಸಾಕು. ದಿನಕ್ಕೆ ಎಂಟು ಗಂಟೆ ಲ್ಯಾಪ್‌ಟಾಪ್ ಹಾಕಿಡಲು ಇದನ್ನೊಂದನ್ನೇ ನಂಬಿ ಹೋಗುವುದು ಸರಿಯಲ್ಲ.

ಮುಖ್ಯ ಕೊರತೆ ಅರ್ಥಿಂಗ್. ನಮ್ಮ ತ್ರೀ ಪಿನ್ನಿನ ಮೇಲಿನ ದಪ್ಪ ಪಿನ್ನಿಗೆ ಕೆಲವು ಡಬ್ಬಗಳಲ್ಲಿ ತೂತೇ ಇಲ್ಲ. ತೂತು ಇದ್ದರೂ ಹೆಚ್ಚಿನವುಗಳಲ್ಲಿ ಒಳಗೆ ತಂತಿ ಇಲ್ಲ. ಇಂಗ್ಲೆಂಡ್ ಬದಿಗೆ ಜಾರಿಸಿದಾಗ ಹೊರಬರುವ ಮೂರನೇ ಪಿನ್ ಬಹುತೇಕ ಬರೀ ಪ್ಲಾಸ್ಟಿಕ್. ಅಲ್ಲಿನ ಹೆಚ್ಚಿನ ಸಾಕೆಟ್ಟುಗಳ ಒಳಗಿನ ಮುಚ್ಚಳ ಸರಿಯುವುದು ಉದ್ದದ ಅರ್ಥ್ ಪಿನ್ ಒಳಗೆ ಹೋದಾಗ ಮಾತ್ರ, ಅಷ್ಟಕ್ಕೇ ಅದು ಇರುವುದು. ಅರ್ಥ್ ತಪ್ಪಿದರೆ ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದಾಗ ಕೈ ಜುಮ್ ಎನ್ನುತ್ತದೆ, ಟಚ್‌ಪ್ಯಾಡಿನಲ್ಲಿ ಕರ್ಸರ್ ತಾನಾಗಿ ಕುಣಿಯುತ್ತದೆ, ಮೀಟಿಂಗ್ ಕೋಣೆಯ ಸ್ಪೀಕರಿಗೆ ಜೋಡಿಸಿದರೆ ಗುಂಯ್ ಎಂಬ ಸದ್ದು ಬರಬಹುದು. ಚಾರ್ಜರಿನ ಒಳಗೆ ವಿದ್ಯುತ್ತಿನ ಅಡಚಣೆ (ನಾಯ್ಸ್) ತಡೆಯಲು ಇಟ್ಟ ಕೆಪಾಸಿಟರ್ ಎಂಬ ಬಿಡಿಭಾಗದ ಮೂಲಕ ಸೋರುವ ಸಣ್ಣ ಕರೆಂಟಿಗೆ ನೆಲಕ್ಕೆ ಹೋಗಲು ದಾರಿ ಇಲ್ಲದಿರುವುದೇ ಕಾರಣ. ಆ ಜುಮ್ಮು ತೀರಾ ಸಣ್ಣದು, ಆದರೆ ಚಾರ್ಜರ್ ಒಳಗೆ ಕೆಟ್ಟುಹೋದರೆ ಕಾಯಬೇಕಾದದ್ದು ಇದೇ ಅರ್ಥ್. ಕೊಳ್ಳುವ ಮೊದಲು ಪರೀಕ್ಷೆ ಸುಲಭ: ಮಲ್ಟಿಮೀಟರನ್ನು ಬೀಪ್ ಮೋಡಿಗೆ ಹಾಕಿ, ಒಂದು ಕಡ್ಡಿ ಡಬ್ಬದ ಅರ್ಥ್ ತೂತಿಗೆ, ಇನ್ನೊಂದು ಹೊರಗಿನ ಅರ್ಥ್ ಪಿನ್ನಿಗೆ. ಬೀಪ್ ಬರದಿದ್ದರೆ ಅರ್ಥ್ ಇಲ್ಲ.

ಎರಡನೆಯದು ಹಿಡಿತ. ಜರ್ಮನಿ, ನೆದರ್‌ಲ್ಯಾಂಡಿನ ಸಾಕೆಟ್ ಸುಮಾರು 17 ಮಿಲಿಮೀಟರ್ ಆಳದ ದುಂಡು ಗುಳಿ. ಚೌಕ ಡಬ್ಬದ ಮೈ ಅಂಚಿಗೇ ತಡೆದು ನಿಲ್ಲುತ್ತದೆ, ಪಿನ್ ಒಳಗಿನ ಲೋಹವನ್ನು ಸರಿಯಾಗಿ ಮುಟ್ಟುವುದಿಲ್ಲ. ಪಿನ್ನಿನ ಬುಡದಲ್ಲಿ ದುಂಡಗೆ ಎದ್ದ ಭಾಗ ಇರುವುದನ್ನೇ ನೋಡಿ ತೆಗೆದುಕೊಳ್ಳಬೇಕು. ಅಮೆರಿಕದಲ್ಲಿ ತಾಪತ್ರಯ ಬೇರೆ: ಚಪ್ಪಟೆ ಎರಡು ಪಿನ್ನಿಗೆ ಡಬ್ಬದ ಭಾರ, ಅದಕ್ಕೆ ನಮ್ಮ ದಪ್ಪ ಪ್ಲಗ್ಗಿನ ಮತ್ತು ಕೇಬಲ್ಲಿನ ಭಾರ ಸೇರಿ ಗೋಡೆಯಿಂದ ಜೋತು ಬೀಳುತ್ತದೆ. ಸಡಿಲವಾದಲ್ಲಿ ಕಿಡಿ ಹಾರುತ್ತದೆ, ಬಿಸಿಯಾಗುತ್ತದೆ.

ವೋಲ್ಟೇಜನ್ನು ಈ ಡಬ್ಬ ಬದಲಿಸುವುದಿಲ್ಲ, ಪಿನ್ನಿನ ಆಕಾರವನ್ನಷ್ಟೇ ಬದಲಿಸುತ್ತದೆ. ಲ್ಯಾಪ್‌ಟಾಪ್ ಚಾರ್ಜರಿನ ಮೇಲೆ 100–240 ವೋಲ್ಟ್, 50/60 ಹರ್ಟ್ಸ್ ಎಂದಿದ್ದರೆ ಅಮೆರಿಕದ 120ಕ್ಕೂ ಜಪಾನಿನ 100ಕ್ಕೂ ಚಿಂತೆ ಇಲ್ಲ. ಊರಿನ 1500 ವ್ಯಾಟಿನ ಕೆಟಲ್ ಒಯ್ದರೆ 120 ವೋಲ್ಟಿನಲ್ಲಿ ಅದು 400 ವ್ಯಾಟಿನಷ್ಟೇ ಕೆಲಸ ಮಾಡುತ್ತದೆ, ಗಂಜಿಗೆ ನೀರು ಕುದಿಯಲು ಸುಮಾರು ನಾಲ್ಕು ಪಟ್ಟು ಹೊತ್ತು. ಅಲ್ಲಿಂದ ತಂದ 120 ವೋಲ್ಟಿನ ಇಸ್ತ್ರಿಪೆಟ್ಟಿಗೆಯನ್ನು ಇಲ್ಲಿ ಹಾಕಿದರೆ ಸುಟ್ಟೇ ಹೋಗುತ್ತದೆ. ಡಬ್ಬದ ಫ್ಯೂಸ್ ಸಾಮಾನ್ಯವಾಗಿ 8 ಅಥವಾ 10 ಆಂಪಿಯರ್. ಹೆಚ್ಚುವರಿ ಫ್ಯೂಸ್ ಒಂದು ಜೊತೆಗೇ ಕೊಡುವ ಡಬ್ಬ ಆರಿಸಿ.

ಯುಎಸ್‌ಬಿ ತೂತುಗಳ ಬಗ್ಗೆ ಪೆಟ್ಟಿಗೆಯ ಮೇಲಿನ ಅಂಕಿಯನ್ನು ಹಾಗೇ ನಂಬಬೇಡಿ. 65 ವ್ಯಾಟ್ ಎಂದಿದ್ದರೂ ಅದು ಒಂದೇ ತೂತು ಬಳಸುವಾಗಿನ ಲೆಕ್ಕ. ಪಕ್ಕದಲ್ಲಿ ಫೋನ್ ಸಿಕ್ಕಿಸಿದ ಕೂಡಲೇ ಲ್ಯಾಪ್‌ಟಾಪಿಗೆ 45 ಆಗುವುದುಂಟು. ತೆಳು ಲ್ಯಾಪ್‌ಟಾಪಿಗೆ 45 ನಡೆಯುತ್ತದೆ, ದೊಡ್ಡ ವರ್ಕ್‌ಸ್ಟೇಷನ್ನಿಗೆ ಸಾಲದು. 60 ವ್ಯಾಟಿಗಿಂತ ಮೇಲೆ ಬೇಕಿದ್ದರೆ ಕೇಬಲ್ ಕೂಡ 5 ಆಂಪಿಯರಿನದ್ದಾಗಿರಬೇಕು.

ಹಾಗಾದರೆ ಏನು ಒಯ್ಯಬೇಕು? ಲ್ಯಾಪ್‌ಟಾಪ್ ಚಾರ್ಜರಿನಿಂದ ಗೋಡೆಗೆ ಹೋಗುವ ಕೇಬಲ್ ಬಿಚ್ಚಲು ಬರುತ್ತದೆಯೇ ನೋಡಿ. ಚಾರ್ಜರಿನ ಬದಿಯಲ್ಲಿ ಮೂರೆಲೆಯಂತೆ ಕಾಣುವ ತೂತು ಇದ್ದರೆ ಅದು ಎಲ್ಲ ದೇಶಗಳಲ್ಲೂ ಒಂದೇ. ಅದರ ಫೋಟೊ ತೆಗೆದು ಅಲ್ಲಿನ ತಂಡದವರಿಗೆ ಕಳಿಸಿ, ಇಂಥ ಕೇಬಲ್ ಒಂದು ಮೇಜಿನ ಮೇಲೆ ಇಡಬಹುದೇ ಎಂದು ಕೇಳಿ. ಹೆಚ್ಚಿನ ಆಫೀಸುಗಳ ಐಟಿ ವಿಭಾಗದಲ್ಲಿ ಅದು ಬಿದ್ದಿರುತ್ತದೆ. ಆ ದೇಶದ್ದೇ ಪ್ಲಗ್, ಅರ್ಥಿಂಗ್ ಸಮೇತ, ನಡುವೆ ಡಬ್ಬವೇ ಬೇಡ. ಹೊರಗಿನ ಎಕ್ಸ್‌ಟೆನ್ಶನ್ ಬಾಕ್ಸ್ ಹಾಕಲು ಬಿಡದ ಆಫೀಸುಗಳೂ ಇವೆ, ಅಲ್ಲಿಗೂ ಇದೇ ಸರಿಯಾದ ದಾರಿ.

ಹೋಟೆಲಿಗೆ ಆ ಒಂದೇ ದೇಶದ, ಅರ್ಥ್ ಇರುವ ಸಣ್ಣ ಅಡಾಪ್ಟರ್ ಮತ್ತು ಮನೆಯ ಎಕ್ಸ್‌ಟೆನ್ಶನ್ ಬಾಕ್ಸ್ ಸಾಕು. ಇಸ್ತ್ರಿಪೆಟ್ಟಿಗೆ, ಕೆಟಲ್ ಅದಕ್ಕೆ ಹಾಕಬಾರದು. ಇಂಗ್ಲೆಂಡ್, ಸಿಂಗಾಪುರ, ದುಬೈಗೆ ಹೋಗುವವರು ಅಂಗಡಿಗೆ ಹೋಗುವ ಮೊದಲು ಮನೆಯ ಕಪಾಟು ನೋಡಬಹುದು. ಗಲ್ಫಿನಲ್ಲಿ ದುಡಿದು ಬಂದವರಿರುವ ಮನೆಯಲ್ಲಿ ಮೂರು ಚೌಕ ಪಿನ್ನಿನ ಪ್ಲಗ್ ಇಲ್ಲದಿರುವುದು ಕಾಸರಗೋಡಿನಲ್ಲಿ ಅಪರೂಪ, ಮೂರೂ ದೇಶಗಳದ್ದು ಅದೇ ಪ್ಲಗ್. ಪಿನ್ನಿನ ಬುಡ ಕಂದಿದ್ದರೆ ಮಾತ್ರ ಬಿಸಾಡಿ. ಆ ದೇಶಗಳಲ್ಲಿ ಕೆಲವರು ಮಾಡುವ ಹಾಗೆ ಸಾಕೆಟ್ಟಿನ ಮೇಲಿನ ತೂತಿಗೆ ಪೆನ್ ತೂರಿಸಿ ಎರಡು ಪಿನ್ನಿನ ಪ್ಲಗ್ ಹಾಕುವುದನ್ನು ದಯವಿಟ್ಟು ಮಾಡಬೇಡಿ. ಸಾಕೆಟ್ಟಿನ ಮುಚ್ಚಳವೂ ಹಾಳು, ಜೀವಕ್ಕೂ ಅಪಾಯ.

ಜರ್ಮನಿಗೆ ಹೋಗುವವರಿಗೆ ಇನ್ನೊಂದು ಮಾತು. ನಮ್ಮ ಫೋನ್ ಚಾರ್ಜರಿನ ಸಪೂರ ಎರಡು ಪಿನ್ ಅಲ್ಲಿ ನೇರವಾಗಿ ಕೂರುತ್ತದೆ. ತ್ರೀ ಪಿನ್ನನ್ನು ಮಾತ್ರ ಒತ್ತಿ ತೂರಿಸಬಾರದು, ನಮ್ಮ ಪಿನ್ 5 ಮಿಲಿಮೀಟರಿಗಿಂತ ತುಸು ದಪ್ಪ, ಅಲ್ಲಿನದ್ದು 4.8. ಅಲ್ಲಿಂದ ಸ್ವಿಟ್ಜರ್‌ಲ್ಯಾಂಡಿಗೂ ಹೋಗುವುದಿದ್ದರೆ ಜರ್ಮನಿಯ ದುಂಡು ಪ್ಲಗ್ ಅಲ್ಲಿಗೆ ಆಗದು, ಬೇರೆಯೇ ಬೇಕು. ಡಬ್ಬ ಉಪಯೋಗಕ್ಕೆ ಬರುವುದು ಇಂಥಲ್ಲೇ: ಒಂದೇ ಪ್ರಯಾಣದಲ್ಲಿ ಎರಡು ಮೂರು ದೇಶ, ಹಾಕುವುದು ಫೋನ್ ಮಾತ್ರ.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ, ಚೆಕ್‌ಇನ್ ಪೆಟ್ಟಿಗೆಯಲ್ಲಿ ಬಿಡುವುದಿಲ್ಲ. ವಿಮಾನದ ಮಿತಿ 100 ವ್ಯಾಟ್‌ಅವರ್. 20,000 ಎಂಎಎಚ್ ಎಂದರೆ 3.7 ವೋಲ್ಟಿನ ಲೆಕ್ಕದಲ್ಲಿ 74, ನಡೆಯುತ್ತದೆ; 30,000 ಎಂದರೆ 111, ಅದಕ್ಕೆ ಏರ್‌ಲೈನಿನ ಒಪ್ಪಿಗೆ ಬೇಕು. ಮೈಮೇಲಿನ ಅಂಕಿ ಮಾಸಿ ಓದಲಾಗದಿದ್ದರೆ ಸೆಕ್ಯುರಿಟಿಯಲ್ಲೇ ತೆಗೆದಿಟ್ಟುಕೊಳ್ಳಬಹುದು.