ವರ್ಷದ ಮೇಲೆ ಕ್ರೆಡಿಟ್ ರಿಪೇರಿ ಸರ್ವೀಸ್ ಬಳಸಿದ್ದೀನಿ: ಲೆಟರ್‌ಗೆ ಸೊನ್ನೆ, ಫೋನ್ ಕಾಲ್‌ಗೆ ಐದು ಸ್ಟಾರ್

ಯಾವ ಕಂಪನಿ ಅಂತ ಹೇಳಲ್ಲ, ಕೇಳ್ಬೇಡಿ. ಕ್ರೆಡಿಟ್ ರಿಪೋರ್ಟಲ್ಲಿರೋ ಕೆಟ್ಟ ಎಂಟ್ರಿ ತೆಗೆಸ್ತೀವಿ ಅಂತ ಫೀಸ್ ತಗೊಳ್ಳೋದೇ ಕ್ರೆಡಿಟ್ ರಿಪೇರಿ, ಅಮೆರಿಕದಲ್ಲಿ ಈ ಧಂದೆ ಮಾಡೋರಲ್ಲಿ ಬಹಳಷ್ಟು ಜನ ಹೆಚ್ಚುಕಮ್ಮಿ ಒಂದೇ ಪ್ಯಾಕೇಜ್ ಮಾರ್ತಾರೆ, ಲೋಗೋ ಬಣ್ಣ ಅಷ್ಟೇ ಬೇರೆ. ಪ್ಲಾನ್ ಎಷ್ಟಿದೆ, ಆ್ಯಪ್ ಹೇಗಿದೆ ಅನ್ನೋದೆಲ್ಲ ಅವರ ಪೇಜಲ್ಲೇ ಸಿಗುತ್ತೆ, ಅದನ್ನ ಮತ್ತೆ ಇಲ್ಲಿ ಟೈಪ್ ಮಾಡೋಕೆ ನಂಗೆ ತಾಳ್ಮೆ ಇಲ್ಲ. ನಾನು ಬರೀತಿರೋದು ಎರಡು ವಿಷಯದ ಬಗ್ಗೆ, ಅವರು ಕಳ್ಸೋ ಲೆಟರ್ ಮತ್ತೆ ಅವರ ಹತ್ರ ಸಿಗ್ತಿದ್ದ ಹತ್ತು ನಿಮಿಷದ ಫೋನ್ ಕಾಲ್.

ಮೊದ್ಲು ನನ್ನ ಕೇಸ್ ಹೇಳ್ಬಿಡ್ತೀನಿ. ನಮ್ಮವರ ಹೆಸರಿನ ರಾಮಾಯಣ ಇಲ್ಲಿಗೆ ಬಂದೋರಿಗೆಲ್ಲ ಗೊತ್ತಿರೋದೇ. ಪಾಸ್‌ಪೋರ್ಟಲ್ಲಿ ಲಾಸ್ಟ್ ನೇಮ್ ಜಾಗದಲ್ಲಿ ಅಪ್ಪನ ಹೆಸರು, ಒಂದು ಬ್ಯಾಂಕಲ್ಲಿ ಬರೀ ಇನಿಷಿಯಲ್, ಇನ್ನೊಂದರಲ್ಲಿ ಹಿಂದುಮುಂದು. ಇದರ ಮಧ್ಯೆ ಒಂದು ಕ್ರೆಡಿಟ್ ಬ್ಯೂರೋದ (ನಮ್ಮ ಸಾಲದ ದಾಖಲೆ ಇಡೋ ಕಂಪನಿ) ರಿಪೋರ್ಟಲ್ಲಿ ನನ್ನಂಥದೇ ಹೆಸರಿನ ಯಾರದೋ ಸ್ಟೋರ್ ಕಾರ್ಡ್ ಬಂದು ಸೇರ್ಕೊಂಡಿತ್ತು, ಅದೂ ಕಲೆಕ್ಷನ್‌ಗೆ (ಸಾಲ ವಸೂಲಿ ಮಾಡೋರ ಕೈಗೆ) ಹೋಗಿರೋ ಕಾರ್ಡ್. ಜೊತೆಗೆ ನನ್ನದೇ ಒಂದು 60 ದಿನದ ಲೇಟ್ ಪೇಮೆಂಟ್, ಲೇಆಫ್ ಆದಾಗಿನದು, ಅದು ನಂದೇ, ಅದರಲ್ಲಿ ಡೌಟಿಲ್ಲ. ಕಾರ್ ಲೋನ್‌ಗೆ ಕೇಳಿದ್ರೆ ಅವರು ಹೇಳಿದ ಬಡ್ಡಿ ರೇಟ್ ಕೇಳಿ ಬಸ್ಸೇ ವಾಸಿ ಅನ್ನಿಸ್ತು. ತಿಂಗಳಿಗೆ ನೂರು ಡಾಲರ್ ಹತ್ತಿರ ಫೀಸು, ನಂಗೆ ಅದು ಸಣ್ಣ ದುಡ್ಡಲ್ಲ, ಆದ್ರೂ ಬಡ್ಡಿಲಿ ಹೋಗೋದು ಅದಕ್ಕಿಂತ ಜಾಸ್ತಿ ಅಂತ ಲೆಕ್ಕ ಹಾಕಿ ಸೇರ್ಕೊಂಡೆ.

ಈಗ ಲೆಟರ್ ವಿಷ್ಯ. ಸೇರಿದ ಮೊದಲ ತಿಂಗಳೇ ಪೋರ್ಟಲ್ ತುಂಬಾ ಹಸಿರು ಟಿಕ್ಕು, ಡಿಸ್ಪ್ಯೂಟ್ ಸೆಂಟ್, ಡಿಸ್ಪ್ಯೂಟ್ ಸೆಂಟ್ ಅಂತ, ಅಂದ್ರೆ ರಿಪೋರ್ಟಲ್ಲಿ ಇದು ತಪ್ಪು ಅನ್ನೋ ಆಕ್ಷೇಪಣೆ ಲೆಟರ್ ಹೋಯ್ತು ಅಂತ. ನೋಡೋಕೆ ಏನೋ ದೊಡ್ಡ ಕೆಲಸ ನಡೀತಿದೆ ಅನ್ಸುತ್ತೆ. ಒಂದು ಕಾಪಿ ತೆಗೆದು ಓದಿದೆ. ಪುರೋಹಿತರು ಸಂಕಲ್ಪದಲ್ಲಿ ಹೆಸರು ಗೋತ್ರ ಮಾತ್ರ ಬದಲಾಯ್ಸಿ ಮಿಕ್ಕಿದ್ದು ಅದೇ ಓದ್ತಾರಲ್ಲ, ಹಾಗೆ ಅಕೌಂಟ್ ನಂಬರ್ ಬದಲಾಯ್ಸಿ ಎಲ್ಲದಕ್ಕೂ ಅದೇ ಎರಡು ಪ್ಯಾರಾ. ನಂದಲ್ಲದ ಸ್ಟೋರ್ ಕಾರ್ಡಿಗೂ "ಇದು ನನ್ನದಲ್ಲ, ವೆರಿಫೈ ಮಾಡಿ ಇಲ್ಲ ತೆಗೀರಿ", ನಂದೇ ಆಗಿರೋ ಲೇಟ್ ಪೇಮೆಂಟಿಗೂ "ಇದು ನನ್ನದಲ್ಲ". ಕೆಳಗೆ ನನ್ನ ಹೆಸರು! 1996ರ ಕ್ರೆಡಿಟ್ ರಿಪೇರಿ ಆರ್ಗನೈಸೇಷನ್ಸ್ ಆ್ಯಕ್ಟ್ ಪ್ರಕಾರ ಬ್ಯೂರೋಗೆ ಸುಳ್ಳು ಹೇಳೋದು, ಕಸ್ಟಮರ್ ಕೈಲಿ ಸುಳ್ಳು ಹೇಳ್ಸೋದು ಎರಡೂ ಮಾಡೋ ಹಾಗಿಲ್ಲ. ಆ ಲೇಟ್ ಪೇಮೆಂಟಿನ ಲೆಟರ್ ತೆಗೀರಿ ಅಂತ ಮೆಸೇಜ್ ಹಾಕಿದ್ರೆ "ಇದು ನಮ್ಮ ಸ್ಟ್ಯಾಂಡರ್ಡ್ ಪ್ರೋಸೆಸ್" ಅನ್ನೋ ಉತ್ತರ. ಸ್ಟೋರ್ ಕಾರ್ಡಿಗಂತೂ ಐಡೆಂಟಿಟಿ ಥೆಫ್ಟ್ ಅಂತ ರಿಪೋರ್ಟ್ ಕೊಟ್ಬಿಡಿ, ಬೇಗ ಹೋಗುತ್ತೆ ಅನ್ನೋ ಸಲಹೆ ಬೇರೆ. ಯಾರೂ ಏನೂ ಕದ್ದಿಲ್ಲ ಕಣ್ರೀ, ಎರಡು ಫೈಲ್ ಬೆರೆತು ಹೋಗಿದೆ ಅಷ್ಟೇ, ಅದಕ್ಕೆ ಹೋಗಿ ಸರ್ಕಾರಕ್ಕೆ ಸುಳ್ಳು ಬರ್ಕೊಡೋದಾ?

ಇನ್ನೊಂದು ನಂಗೆ ತಡವಾಗಿ ಗೊತ್ತಾಗಿದ್ದು, ಗೊತ್ತಾದ ಮೇಲೆ ಹೊಟ್ಟೆ ಉರೀತು. ನಾವೇ ನೇರವಾಗಿ ಬ್ಯಾಂಕಿಗೋ ಕಲೆಕ್ಷನ್‌ನವರಿಗೋ ಡಿಸ್ಪ್ಯೂಟ್ ಬರೆದ್ರೆ ಅವರು ತನಿಖೆ ಮಾಡ್ಲೇಬೇಕು, ಆದ್ರೆ ಅದು ಕ್ರೆಡಿಟ್ ರಿಪೇರಿ ಕಂಪನಿ ಕಳ್ಸಿದ್ದು, ಅಥವಾ ಆ ಕಂಪನಿ ಬರ್ಕೊಟ್ಟಿದ್ದು ಅಂತ ಬ್ಯಾಂಕಿನವರಿಗೆ ಸಕಾರಣವಾಗಿ ಅನ್ನಿಸಿದ್ರೆ ಆ ರೂಲ್ ಅನ್ವಯಿಸೋದೇ ಇಲ್ಲ, ಹಾಗಂತ ರೂಲಲ್ಲೇ ಇದೆ. ಬ್ಯೂರೋದವರಿಗೂ ಹುರುಳಿಲ್ಲದ ಡಿಸ್ಪ್ಯೂಟ್ ಅಂತ ತಳ್ಳಿ ಹಾಕೋ ಅವಕಾಶ ಇದೆ. ಅಂದ್ರೆ ಸ್ಟಾಂಪ್ ದುಡ್ಡಲ್ಲಿ ನಾನೇ ಬರೆದ್ರೆ ತೂಕ ಇರೋ ಲೆಟರ್‌ಗೆ, ನೂರು ಡಾಲರ್ ಕೊಟ್ಟು ತೂಕ ಕಮ್ಮಿ ಮಾಡಿಸ್ಕೊಳ್ತಿದ್ದೆ.

ಇಷ್ಟಾದ್ರೂ ಬಿಡಲಿಲ್ಲ ಯಾಕೆ ಅಂದ್ರೆ ಆ ಫೋನ್ ಕಾಲು.

ಎರಡು ವಾರಕ್ಕೊಂದ್ಸಲ ಹತ್ತು ನಿಮಿಷದ ಸ್ಲಾಟ್ ಬುಕ್ ಮಾಡಬಹುದಿತ್ತು. ನಂಗೆ ಯಾವಾಗ್ಲೂ ಒಬ್ಬರೇ ಮೇಡಂ ಸಿಗ್ತಿದ್ರು. ಹವಾಮಾನ, ಕುಶಲ ಅಂತೆಲ್ಲ ಏನಿಲ್ಲ, ಎತ್ತಿದ ತಕ್ಷಣ "ಹೇಳಿ, ಇವತ್ತಿನ ಪ್ರಶ್ನೆ ಏನು". ನಾನು ಹಿಂದಿನ ರಾತ್ರಿನೇ ಹಳದಿ ಚೀಟಿಲಿ ಪ್ರಶ್ನೆ ಬರೆದು ಲ್ಯಾಪ್‌ಟಾಪ್ ಮೂಲೆಗೆ ಅಂಟಿಸ್ಕೊಳ್ತಿದ್ದೆ, ಬರೀತಾ ಬರೀತಾ ಅರ್ಧ ಪ್ರಶ್ನೆಗೆ ಉತ್ತರ ನಂಗೇ ಹೊಳೆದುಬಿಡ್ತಿತ್ತು, ಉಳಿದಿದ್ದನ್ನ ಅವರು ಎರಡು ವಾಕ್ಯದಲ್ಲಿ ಮುಗಿಸ್ತಿದ್ರು. ಒಂದು ಉದಾಹರಣೆ ಹೇಳ್ತೀನಿ. ಡ್ಯೂ ಡೇಟಿಗೆ ಪೂರ್ತಿ ಬಿಲ್ ಕಟ್ತೀನಿ, ಆದ್ರೂ ರಿಪೋರ್ಟಲ್ಲಿ ಕಾರ್ಡ್ ತುಂಬಿದ ಹಾಗೆ ತೋರಿಸುತ್ತೆ, ಯಾಕೆ ಅಂತ ಕೇಳಿದೆ. "ಡ್ಯೂ ಡೇಟ್ ಮರೀರಿ, ಸ್ಟೇಟ್‌ಮೆಂಟ್ ಕ್ಲೋಸ್ ಆಗೋ ದಿನ ಎಷ್ಟಿರುತ್ತೋ ಸಾಮಾನ್ಯವಾಗಿ ಅದೇ ಬ್ಯೂರೋಗೆ ಹೋಗೋದು" ಅಂದ್ರು. ಅಷ್ಟೇ. ಫೈಕೋ ಅನ್ನೋ ಕ್ರೆಡಿಟ್ ಸ್ಕೋರಲ್ಲಿ ಸಮಯಕ್ಕೆ ಕಟ್ಟಿದ್ದಕ್ಕೆ 35 ಪರ್ಸೆಂಟ್, ಎಷ್ಟು ಬಾಕಿ ಇದೆ ಅನ್ನೋದಕ್ಕೆ 30 ಪರ್ಸೆಂಟ್ ಅಂತ ಎಲ್ಲಾ ಕಡೆ ಓದಿರ್ತೀವಿ, ಆ 30ನ್ನ ಯಾವ ತಾರೀಕಿಗೆ ಹಿಡೀಬೇಕು ಅನ್ನೋದನ್ನ ಯಾರೂ ಹೇಳಿರಲಿಲ್ಲ. ಫೈಕೋ 8 ಅನ್ನೋ ವರ್ಷನ್‌ಗೆ ಹೋದ ತಿಂಗಳ ಬಾಕಿ ನೆನಪಿರಲ್ಲ, ಈ ತಿಂಗಳು ಇಳಿಸಿದ್ರೆ ಈ ತಿಂಗಳೇ ಸ್ಕೋರ್ ಏರುತ್ತೆ ಅಂತಾನೂ ಅವರೇ ಹೇಳಿದ್ದು. (ಫ್ರೀ ಆ್ಯಪಲ್ಲಿ ಕಾಣೋ ಸ್ಕೋರ್ ಎಷ್ಟೋ ಸಲ ವ್ಯಾಂಟೇಜ್‌ಸ್ಕೋರ್ ಅನ್ನೋ ಬೇರೆ ಲೆಕ್ಕದ್ದು, ಸಾಲ ಕೊಡೋನು ನೋಡೋದು ಹೆಚ್ಚಾಗಿ ಫೈಕೋ, ಎರಡನ್ನೂ ತಾಳೆ ಹಾಕಿ ತಲೆ ಕೆಡಿಸ್ಕೋಬೇಡಿ.)

ಅವತ್ತಿಂದ ನಂದೊಂದು ಸಣ್ಣ ಪೂಜೆ ಶುರುವಾಗಿದೆ. ಸ್ಟೇಟ್‌ಮೆಂಟ್ ಕ್ಲೋಸ್ ಆಗೋ ಎರಡು ಮೂರು ದಿನ ಮುಂಚೆ ಸಂಜೆ, ಊಟ ಆದ್ಮೇಲೆ ಟೇಬಲ್ ಒರೆಸಿ ಕೂತು ಎರಡೂ ಕಾರ್ಡ್ ಓಪನ್ ಮಾಡಿ, ಪೆಂಡಿಂಗ್ ಇರೋದೆಲ್ಲ ಪೋಸ್ಟ್ ಆಗಿದೆಯಾ ನೋಡಿ, ಒಂದನ್ನ ಸೊನ್ನೆ ಮಾಡಿ ಇನ್ನೊಂದರಲ್ಲಿ ಕೆಲವೇ ಡಾಲರ್ ಉಳಿಸಿ ಉಳಿದಿದ್ದು ಕಟ್ಟೋದು. ಆಮೇಲೆ ಕಾರ್ಡ್ ಡ್ರಾಯರ್ ಒಳಗೆ, ಸ್ಟೇಟ್‌ಮೆಂಟ್ ಬರೋವರೆಗೂ ಮುಟ್ಟಲ್ಲ. ಹೆಂಡ್ತಿ ಇದಕ್ಕೆ ಕಾರ್ಡಿನ ಏಕಾದಶಿ ಅಂತಾಳೆ.

ಮೇಡಂ ಮಾಡಿದ ದೊಡ್ಡ ಉಪಕಾರ ಅಂದ್ರೆ ಒಂದಿನ ಕಾಲ್ ಮುಗಿಯೋ ಹೊತ್ತಿಗೆ, ಆ ಸ್ಟೋರ್ ಕಾರ್ಡಿಗೆ ನಮ್ಮ ಲೆಟರ್ ನಂಬ್ಕೊಂಡು ಕೂರಬೇಡಿ, ನೀವೇ ಬರೀರಿ ಅಂದಿದ್ದು. ತಮ್ಮ ಕಂಪನಿ ಮಾಲನ್ನೇ ಬೇಡ ಅಂದೋರು ಅವರು. ಆ್ಯನುವಲ್‌ಕ್ರೆಡಿಟ್‌ರಿಪೋರ್ಟ್ ಡಾಟ್ ಕಾಮಲ್ಲಿ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರೂ ಬ್ಯೂರೋದ ರಿಪೋರ್ಟ್ ವಾರಕ್ಕೊಂದ್ಸಲ ಫ್ರೀಯಾಗಿ ತೆಗೀಬಹುದು, 2023ರಿಂದ ಅದು ಪರ್ಮನೆಂಟ್ ಆಗಿದೆ. ತಪ್ಪಿರೋ ಪೇಜ್ ಪ್ರಿಂಟ್ ಹಾಕಿ ಕೆಂಪು ಪೆನ್ನಲ್ಲಿ ಸುತ್ತು ಹಾಕಿ, ನನ್ನ ಪೂರ್ತಿ ಹೆಸರು ಯಾವುದು, ರಿಪೋರ್ಟಲ್ಲಿ ಯಾವ್ಯಾವ ಹೆಸರು ನಂದಲ್ಲ, ಯಾವ ಅಡ್ರೆಸ್ಸಲ್ಲಿ ನಾನು ಯಾವತ್ತೂ ಇರಲಿಲ್ಲ ಅಂತ ಒಂದೇ ಪುಟದಲ್ಲಿ ಬರೆದು, ಐಡಿ ಮತ್ತೆ ಕರೆಂಟ್ ಬಿಲ್ ಕಾಪಿ ಸೇರಿಸಿದೆ.

ಪೋಸ್ಟ್ ಆಫೀಸಲ್ಲಿ ಸರ್ಟಿಫೈಡ್ ಮೇಲ್, ರಿಟರ್ನ್ ರಿಸೀಟ್ ಬೇಕು ಅಂದ್ರೆ ಒಂದು ಹಸಿರು ಕಾರ್ಡ್ ಕೊಡ್ತಾರೆ, ಒಂದು ಕಡೆ ಬ್ಯೂರೋದ ಅಡ್ರೆಸ್ ಒಂದು ಕಡೆ ನಮ್ಮದು ಬರೆದು ಕವರ್ ಹಿಂದೆ ಅಂಟಿಸೋದು. ಅದು ಕೆಲವು ದಿನ ಆದ್ಮೇಲೆ ಸಹಿ ಹಾಕಿಸ್ಕೊಂಡು ನಮ್ಮ ಮೇಲ್‌ಬಾಕ್ಸಿಗೆ ವಾಪಸ್ ಬರುತ್ತೆ. ಪೋರ್ಟಲಿನ ಅಷ್ಟೂ ಹಸಿರು ಟಿಕ್ಕಲ್ಲಿ ಸಿಗದ ಖುಷಿ ಆ ಒಂದು ರಟ್ಟಿನ ತುಂಡಲ್ಲಿ ಸಿಕ್ತು, ನಿಜವಾಗ್ಲೂ. ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಆ್ಯಕ್ಟ್ ಪ್ರಕಾರ ಡಿಸ್ಪ್ಯೂಟ್ ಕೈಸೇರಿದ ದಿನದಿಂದ ಸಾಮಾನ್ಯವಾಗಿ 30 ದಿನ, ಕೆಲವು ಸಂದರ್ಭದಲ್ಲಿ 45 ದಿನದೊಳಗೆ ತನಿಖೆ ಮುಗೀಬೇಕು. ಗಡುವಿನೊಳಗೇ ಉತ್ತರ ಬಂತು, ಡಿಲೀಟೆಡ್ ಅಂತ.

ನನ್ನ 60 ದಿನದ ಲೇಟ್ ಇನ್ನೂ ಹಾಗೇ ಇದೆ. ನಿಜ ಇರೋದನ್ನ ಏಳು ವರ್ಷ ತೋರಿಸಬಹುದು, ಯಾವ ಕಂಪನಿಗೆ ದುಡ್ಡು ಸುರಿದ್ರೂ ಅಷ್ಟೇ. ಇದೊಂದ್ಸಲ ತೆಗೆದುಬಿಡಿ ಅಂತ ಗುಡ್‌ವಿಲ್ ಲೆಟರ್ ಬರೆದು ಬ್ಯಾಂಕನ್ನ ಮರ್ಯಾದೆಯಿಂದ ಕೇಳಿಕೊಂಡೆ, ಅವರೂ ಮರ್ಯಾದೆಯಿಂದ ಆಗಲ್ಲ ಅಂದ್ರು.

ಇಲ್ಲಿಗೆ ನಿಲ್ಲಿಸಿದ್ರೆ ಒಟ್ಟು ನಾಲ್ಕು ಸ್ಟಾರ್ ಕೊಡ್ತಿದ್ದೆ, ಫೋನ್ ಕಾಲೊಂದರ ದೆಸೆಯಿಂದಲೇ. ಆದ್ರೆ ಒಂದಿನ ಆ್ಯಪ್ ಅಪ್‌ಡೇಟ್ ಆಯ್ತು, ಕಾಲ್ ಬುಕ್ ಮಾಡೋ ಬಟನ್ ಇದ್ದ ಜಾಗದಲ್ಲಿ ನಗ್ತಾ ಕೈ ಬೀಸೋ ಚಾಟ್‌ಬಾಟ್. ಹಳದಿ ಚೀಟಿ ನೋಡ್ಕೊಂಡು ಪ್ರಶ್ನೆ ಹಾಕಿದೆ, ಹಳೇ ಕಾರ್ಡ್ ಕ್ಲೋಸ್ ಮಾಡಿದ್ರೆ ನನ್ನ ಒಟ್ಟು ಲಿಮಿಟ್ ಏನಾಗುತ್ತೆ ಅಂತ. ಅದು ಪ್ರೀಮಿಯಂ ಪ್ಲಾನ್ ಲಿಂಕ್ ಕೊಡ್ತು. ಬೇರೆ ಥರ ಕೇಳಿದ್ರೂ ಅದೇ ಲಿಂಕ್. ಆ ಮೇಡಂ ಎಲ್ಲಿ ಅಂತ ಸಪೋರ್ಟಿಗೆ ಕೇಳಿದ್ರೆ "ನಿಮ್ಮ ಅನುಭವ ಇನ್ನಷ್ಟು ವೇಗವಾಗಿದೆ" ಅಂತ ಮೇಲ್. ಫೀಸ್ ಮಾತ್ರ ಒಂದು ಡಾಲರೂ ಇಳೀಲಿಲ್ಲ. ಅಂದ್ರೆ ಇವರ ಹತ್ರ ದುಡ್ಡು ಕೊಡೋಕೆ ಲಾಯಕ್ಕಾಗಿದ್ದ ಒಂದೇ ಒಂದು ಸಾಮಾನು ಯಾವುದು ಅಂತ ಇವರಿಗೇ ಗೊತ್ತಿರಲಿಲ್ಲ.

ಬಿಟ್ಟೆ. ಈಗ ಪ್ರಶ್ನೆ ಇದ್ರೆ ಎನ್‌ಎಫ್‌ಸಿಸಿ (ಸಾಲದ ಬಗ್ಗೆ ಸಲಹೆ ಕೊಡೋ ಸಂಸ್ಥೆಗಳ ರಾಷ್ಟ್ರೀಯ ಒಕ್ಕೂಟ) ಮೆಂಬರ್ ಆಗಿರೋ ನಾನ್‌ಪ್ರಾಫಿಟ್ ಕೌನ್ಸೆಲಿಂಗ್ ಏಜೆನ್ಸಿಗೆ ಫೋನ್ ಮಾಡ್ತೀನಿ, ಅಲ್ಲಿ ಮನುಷ್ಯರೇ ಎತ್ತೋದು, ಸ್ವಲ್ಪ ನಿಧಾನ, ಮೇಡಂ ಥರ ಚುರುಕಿಲ್ಲ.

ಒಟ್ಟು ಎರಡು ಸ್ಟಾರ್, ಎರಡೂ ಆ ಮೇಡಂಗೆ. ಸೇರಲೇಬೇಕು ಅನ್ನೋರು ಫೀಸ್ ಯಾವಾಗ ಕಟ್ ಆಗುತ್ತೆ ಅಂತ ಮೊದಲು ನೋಡಿ, ಕೆಲಸ ಪೂರ್ತಿ ಮುಗಿಯೋ ಮುಂಚೆ ದುಡ್ಡು ತಗೊಳ್ಳೋ ಹಾಗಿಲ್ಲ, ಸಹಿ ಹಾಕಿದ ಮೇಲೂ ಮೂರು ಬಿಸಿನೆಸ್ ದಿನದೊಳಗೆ ಸುಮ್ನೆ ರದ್ದು ಮಾಡಬಹುದು. ಬಿಡೋರು ಕ್ಯಾನ್ಸಲ್ ಒತ್ತೋ ಮುಂಚೆ ನಿಮ್ಮ ಹೆಸರಲ್ಲಿ ಹೋಗಿರೋ ಅಷ್ಟೂ ಲೆಟರ್ ಡೌನ್‌ಲೋಡ್ ಮಾಡ್ಕೊಳ್ಳಿ, ನಂಗೆ ಕ್ಯಾನ್ಸಲ್ ಆದ ಸಂಜೆನೇ ಪೋರ್ಟಲ್ ಲಾಕ್ ಆಯ್ತು.